ಕೋಲಾಟದಲ್ಲಿ ತಾಳ ಓಡುತ್ತದೆ: ತಪ್ಪು ಹಲಗೆಯದೋ, ಕೋಲಿನದೋ?

ಭೀಮಾತೀರ (ಶಹಾಪುರ ತಾಲೂಕು)
ನಮ್ಮೂರ ಕೋಲಾಟದ ಮೇಳದಲ್ಲಿ ಹದಿನಾರು ಜನರಿದ್ದೇವೆ. ಪದ ಎತ್ತುವಾಗ ಆರಾಮದ ನಡಿಗೆ. ಮೂರನೆಯ ನುಡಿ ದಾಟುವಷ್ಟರಲ್ಲಿ ಓಟ. ಐದನೆಯ ನುಡಿಗೆ ಹಾಡುವವರಿಗೆ ಉಸಿರು ಸಾಲುವುದಿಲ್ಲ, ಹಿರಿಯರ ಕೋಲು ಗಾಳಿಗೆ ಬೀಳುತ್ತದೆ. ಹಲಗೆಯವನನ್ನು ಕೇಳಿದರೆ, "ನಿಮ್ಮ ಕೋಲಿನ ಸಪ್ಪಳ ನೋಡಿಕೊಂಡು ಬಾರಿಸುತ್ತೇನೆ" ಎನ್ನುತ್ತಾನೆ. ಆಡುವವರು, "ಅವನು ಓಡಿಸುತ್ತಾನೆ, ನಾವು ಓಡುತ್ತೇವೆ" ಎನ್ನುತ್ತಾರೆ.

ಮೊಬೈಲ್‌ನಲ್ಲಿ ಟಕ್ ಟಕ್ ಎನ್ನುವ ಆ್ಯಪ್ ಹಾಕಿ ಒಬ್ಬೊಬ್ಬರನ್ನೇ ಕೂರಿಸಿ ಪರೀಕ್ಷಿಸಿದೆ. ಹಲಗೆಯವನೂ ಸೇರಿದಂತೆ ಯಾರಲ್ಲಿಯೂ ದೋಷವಿಲ್ಲ. ಎಲ್ಲರೂ ಕೂಡಿದರೆ ಮಾತ್ರ ಓಟ. ಯಾರೂ ಓಡಿಸದೆ ತಾಳ ತಾನೇ ಓಡುವುದು ಹೇಗೆ? ಜಾತ್ರೆ ಹತ್ತಿರ ಬಂದಿದೆ. ಬಲ್ಲವರು ದಾರಿ ಹೇಳಿ.

ಹಲಗೆ_ಹುಲಿ (ಆಳಂದ)
ಓದುವ ಮೊದಲೇ ಗೊತ್ತಿತ್ತು, ಹಲಗೆಯವನ ತಲೆಗೇ ಕಟ್ಟುತ್ತೀರಿ ಎಂದು. ಮದುವೆ ಮೆರವಣಿಗೆಯಲ್ಲಿ ಕುಣಿಯುವವರು ಕಾಲು ಎತ್ತಿದ ಹಾಗೆ ನಾವು ಬಾರಿಸಬೇಕು, ತಾಳ ಕೆಟ್ಟರೆ ಬೈಗುಳವೂ ನಮಗೇ.

ಅನುಮಾನಪ್ಪ (ಕಲಬುರಗಿ)
ಇದರಲ್ಲಿ ರಹಸ್ಯ ಏನಿದೆ? ಹುರುಪು. ಜನ ನೋಡುತ್ತಿದ್ದಾರೆ ಎಂದರೆ ಕೈ ತಾನೇ ಜೋರಾಗುತ್ತದೆ.

ಭೀಮಾತೀರ
ಅಣ್ಣಾ, ಅಭ್ಯಾಸದ ಹೊತ್ತಿನಲ್ಲಿ ನೋಡಲು ಒಂದು ನಾಯಿಯೂ ಇರುವುದಿಲ್ಲ. ಆಗಲೂ ಓಡುತ್ತದೆ.

ಸೇಡಂ_ಮಾಸ್ತರ
ಭೀಮಾತೀರ ಅವರೇ, ನೀವು ಒಬ್ಬೊಬ್ಬರನ್ನೇ ಪರೀಕ್ಷಿಸಿದ್ದು ಒಳ್ಳೆಯ ಕೆಲಸ, ಏಕೆಂದರೆ ಉತ್ತರ ಅಲ್ಲಿಯೇ ಇದೆ. ಒಂಟಿಯಾಗಿ ಸರಿಯಾಗಿ ತಾಳ ಹಾಕುವವರು ಕೂಡಿ ಹಾಕಿದಾಗ ವೇಗ ಏರುತ್ತಾ ಹೋಗುವುದನ್ನು ಪ್ರಯೋಗಾಲಯದಲ್ಲಿಯೂ ಕಂಡಿದ್ದಾರೆ. ಕುಣಿತ ಬೇಡ, ಹಾಡು ಬೇಡ, ಮೇಜಿನ ಮೇಲೆ ಬೆರಳು ಬಡಿದರೂ ಸಾಕು.

ಒಂದು ವಿವರಣೆ ಹೀಗೆ. ಇಬ್ಬರ ಕೋಲು ಎಂದೂ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ಒಬ್ಬ ಕೂದಲೆಳೆಯಷ್ಟು ಮುಂದೆ, ಇನ್ನೊಬ್ಬ ಹಿಂದೆ. ಹಿಂದೆ ಬಿದ್ದವನು ತಡವಾಯಿತು ಎಂದು ಮುಂದಿನ ಪೆಟ್ಟನ್ನು ಬೇಗ ಹಾಕುತ್ತಾನೆ. ಮುಂದಿರುವವನು ಅಷ್ಟೇ ನಿಯತ್ತಿನಿಂದ ನಿಂತು ಕಾಯುವುದಿಲ್ಲ. ತಿದ್ದುಪಡಿ ಒಂದೇ ಕಡೆಗೆ ನಡೆದರೆ ಪ್ರತಿ ಸುತ್ತಿಗೂ ವೇಗ ಸ್ವಲ್ಪ ಏರುತ್ತದೆ. ಹದಿನಾರು ಜನರಲ್ಲಿ ಯಾರಾದರೊಬ್ಬರು ಯಾವಾಗಲೂ ಮುಂದೆ ಇದ್ದೇ ಇರುತ್ತಾರೆ, ಉಳಿದವರೆಲ್ಲ ಅವರನ್ನು ಹಿಡಿಯಲು ಓಡುತ್ತಾರೆ. ಹೀಗಾಗಿ ಹಲಗೆಯವರೂ ಆಡುವವರೂ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

ಸುಮ್ಮನೆ_ಓದುವವ
ಇಬ್ಬರದೂ ನಿಜ ಎಂದ ಮೇಲೆ ಜಗಳಕ್ಕೆ ಮಜವೇ ಇಲ್ಲ.

ಅನುಮಾನಪ್ಪ
ಹಾಗಾದರೆ ಭಜನೆಯೂ ಓಡಬೇಕಲ್ಲ ಮಾಸ್ತರರೇ?

ಸೇಡಂ_ಮಾಸ್ತರ
ಏಕಾದಶಿಯ ರಾತ್ರಿ ಒಮ್ಮೆ ಕೂತು ಕೇಳಿ. ಓಡುವುದಿಲ್ಲ ಎಂದು ಯಾರು ಹೇಳಿದರು?

ಅಂಗನವಾಡಿ_ಅಕ್ಕ (ಚಿಂಚೋಳಿ)
ಮಕ್ಕಳಲ್ಲಿ ದಿನಾ ನೋಡುತ್ತೇನೆ. ರೇಡಿಯೋ ಹಾಡಿಗೆ ಚಪ್ಪಾಳೆ ಹಾಕಿ ಎಂದರೆ ಒಬ್ಬೊಬ್ಬರದು ಒಂದೊಂದು ದಿಕ್ಕು. ನಾನೇ ಎದುರಿಗೆ ಕೂತು ಚಪ್ಪಾಳೆ ತಟ್ಟಿದರೆ ಅರ್ಧ ನಿಮಿಷದಲ್ಲಿ ಸಾಲಿಗೆ ಬರುತ್ತಾರೆ. ತರಬೇತಿಯಲ್ಲಿ ಇದರ ಬಗ್ಗೆ ಹೇಳಿದ್ದರು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡೂವರೆ ವರ್ಷದಿಂದ ನಾಲ್ಕೂವರೆ ವರ್ಷದ ಮಕ್ಕಳಿಗೆ ಡೋಲು ಕೊಟ್ಟರಂತೆ. ತಾಳ ಹಾಕುವ ಯಂತ್ರದ ಜೊತೆಗಿಂತ, ಬರೀ ಶಬ್ದದ ಜೊತೆಗಿಂತ, ಎದುರಿಗೆ ಕೂತ ಮನುಷ್ಯನ ಜೊತೆ ಮಕ್ಕಳು ಚೆನ್ನಾಗಿ ಬಾರಿಸಿದವು. ಅದಕ್ಕೇ ಹೇಳುತ್ತೇನೆ, ಆ್ಯಪ್ ಎತ್ತಿಡಿ.

ಫರ್ಸಿಗಾಡಿ (ಶಹಾಬಾದ್)
ಕೋಲಾಟದ ವಿಷಯ ನನಗೆ ಗೊತ್ತಿಲ್ಲ. ಕಲ್ಲು ಎತ್ತುವುದು ಗೊತ್ತು. ದೊಡ್ಡ ಫರ್ಸಿಯನ್ನು ನಿಲ್ಲಿಸಿಕೊಂಡು ಇಬ್ಬರು ಹೊತ್ತರೆ ಹಿಂದಿನವನಿಗೆ ಮುಂದಿನವನ ಕಾಲು ಕಾಣಿಸುವುದಿಲ್ಲ, ಕಾಣಿಸುವುದು ಕಲ್ಲು ಮಾತ್ರ. ಆದರೂ ಅವನು ತಿರುಗುವ ಮೊದಲೇ ನನಗೆ ತಿಳಿಯುತ್ತದೆ. ಹೇಗೆಂದರೆ, ತಿರುಗುವ ಮುಂಚೆ ಅವನು ಭಾರವನ್ನು ಒಂದು ಕಾಲಿಗೆ ಹಾಕುತ್ತಾನೆ, ಆಗ ನನ್ನ ಅಂಗೈ ಕೆಳಗೆ ಕಲ್ಲಿನ ಅಂಚು ಒಂದಿಷ್ಟು ಕೆಳಕ್ಕೆ ಒತ್ತುತ್ತದೆ. ಅಷ್ಟು ಸಾಕು. ಹೊಸ ಹುಡುಗರು ಕಲ್ಲನ್ನು ಗಟ್ಟಿಯಾಗಿ ಅವುಚಿ ಹಿಡಿಯುತ್ತಾರೆ, ಅವರಿಗೆ ಈ ಸುದ್ದಿ ಮುಟ್ಟುವುದೇ ಇಲ್ಲ.

ಎತ್ತುವುದಕ್ಕಿಂತ ಇಳಿಸುವುದು ಕಷ್ಟ. ಎತ್ತುವಾಗ ತಪ್ಪಿದರೆ ಕಲ್ಲು ಮೇಲೆ ಬರುವುದಿಲ್ಲ, ಅಷ್ಟೇ. ಇಳಿಸುವಾಗ ತಪ್ಪಿದರೆ ಬೆರಳು ಹೋಗುತ್ತದೆ. ಅದಕ್ಕೆ ಇಳಿಸುವಾಗ ಮಾತ್ರ ನಾವು ಬಾಯಿಬಿಟ್ಟು ಕೂಗುತ್ತೇವೆ. ಮೊದಲು ಕೆಳಗಿನ ಅಂಚು ನೆಲಕ್ಕೆ, ಆಮೇಲೆ ಬೆರಳು ಹೊರಗೆ, ಆಮೇಲೆ ಕಲ್ಲು ಒರಗಿಸುವುದು. ನಡೆಯುವಾಗ ಕೂಗುವ ಗುಂಪು ಹೊಸದು ಎಂದು ದೂರದಿಂದಲೇ ಹೇಳಬಹುದು.

ಜಡೆಕೋಲು (ಹುಮನಾಬಾದ್)
ಫರ್ಸಿ ಅಣ್ಣನ ಮಾತು ನಿಜ. ಬೀಸುವ ಕಲ್ಲಿಗೆ ಎದುರುಬದುರು ಕೂತವರನ್ನು ಕೇಳಿ. ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬಳು ಎಳೆಯುವಾಗ ಇನ್ನೊಬ್ಬಳು ತಳ್ಳಬೇಕು, ಇಬ್ಬರೂ ಒಟ್ಟಿಗೆ ಎಳೆದರೆ ಕಲ್ಲು ಕದಲುವುದಿಲ್ಲ. ಅಮ್ಮ ಹೇಳುತ್ತಿದ್ದಳು, ಸೊಸೆಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ಗೂಟ ಹಿಡಿದ ಕೂಡಲೇ ಅತ್ತೆಗೆ ಗೊತ್ತಾಗುತ್ತಿತ್ತು ಎಂದು. ಈಗ ಗಿರಣಿ ಬಂದು ಆ ಜಗಳ ಅಡುಗೆಮನೆಗೆ ಹೋಗಿದೆ.

ಅನುಮಾನಪ್ಪ
ಅಕ್ಕಾ, ಕೋಲಾಟ ಬಿಟ್ಟು ಅತ್ತೆ ಸೊಸೆಗೆ ಬಂದೆವು.

ಜಡೆಕೋಲು
ಬಿಟ್ಟಿಲ್ಲ ತಮ್ಮಾ. ಕಲ್ಲಿನಲ್ಲಿ ಇಬ್ಬರನ್ನೂ ಗೂಟ ಕಟ್ಟಿಹಾಕುತ್ತದೆ, ಓಡಬೇಕೆಂದರೂ ಒಬ್ಬಳೇ ಓಡಲಾರಳು. ಕೋಲಾಟದಲ್ಲಿ ಕೋಲು ತಾಗುವುದು ಕ್ಷಣ ಮಾತ್ರ, ಉಳಿದ ಹೊತ್ತು ಎಲ್ಲರೂ ಬಿಡಿ. ಓಟ ಹುಟ್ಟುವುದು ಆ ಬಿಡುವಿನಲ್ಲಿ. ನಾನು ಮಕ್ಕಳಿಗೆ ಜಡೆ ಕೋಲಾಟ ಕಲಿಸುತ್ತೇನೆ. ಮೇಲಿನಿಂದ ಇಳಿಬಿಟ್ಟ ಹಗ್ಗದ ತುದಿ ಒಬ್ಬೊಬ್ಬರ ಕೈಯಲ್ಲಿ, ಸುತ್ತುತ್ತಾ ಜಡೆ ಹೆಣೆಯಬೇಕು, ತಿರುಗಿ ಬಿಚ್ಚಬೇಕು. ಒಬ್ಬಳು ಮುಂದೆ ಹೋದರೆ ಹಗ್ಗ ಬಿಗಿದು ಕೈಯನ್ನು ಜಗ್ಗುತ್ತದೆ. ಜಡೆಯಲ್ಲಿ ಓಡಿದವಳು ತಕ್ಷಣ ಸಿಕ್ಕಿಬೀಳುತ್ತಾಳೆ. ಹಗ್ಗದಲ್ಲಿ ಪಳಗಿದ ಮೇಲೆ ಬರೀ ಕೋಲು ಕೊಟ್ಟರೆ ಓಟ ಬಹಳ ಕಡಿಮೆ. ಮೇಷ್ಟ್ರ ಬೆರಳಿನ ಪ್ರಯೋಗ ನನಗೆ ತಿಳಿಯದು, ಇದು ತಿಳಿದಿದೆ.

ಬೀದರ_ಕೋಟೆ
ಸುತ್ತಿ ಬಳಸಿ ಏಕೆ? ಒಬ್ಬ ನಾಯಕನನ್ನು ಮಾಡಿ, ಎಲ್ಲರೂ ಅವನನ್ನೇ ನೋಡಲಿ. ನಮ್ಮ ಬೀದರಿನಲ್ಲಿ ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ ಇದೆ. 1996ರಲ್ಲಿ ಇಲ್ಲಿಯೇ ಹುಟ್ಟಿದ್ದು. 2011ರಲ್ಲಿ ನಿಂತಿತ್ತು, ಆಮೇಲೆ ಹಾಕ್ ವಿಮಾನಗಳೊಂದಿಗೆ ಮತ್ತೆ ಶುರುವಾಯಿತು. ಒಂಬತ್ತು ವಿಮಾನ ಒಟ್ಟಿಗೆ ಹೊರಳುವಾಗ ಹಿಂದಿನವರು ನೆಲ ನೋಡುವುದಿಲ್ಲ, ಆಕಾಶ ನೋಡುವುದಿಲ್ಲ. ಮುಂದಿನ ವಿಮಾನದ ಮೇಲಿನ ಗುರುತುಗಳ ಮೇಲೆ ಕಣ್ಣಿಟ್ಟು ಜಾಗ ಕಾಯುತ್ತಾರೆ. ಯಾವಾಗ ಹೊರಳಬೇಕು ಎಂದು ನಾಯಕ ರೇಡಿಯೋದಲ್ಲಿ ಹೇಳುತ್ತಾನೆ. ಅಲ್ಲಿ ಯಾರೂ ಯಾರನ್ನೂ ಹಿಡಿಯಲು ಓಡುವುದಿಲ್ಲ. ಓಡಿದರೆ ಗತಿ ಏನು ಎಂದು ಯೋಚಿಸಿ.

ಹಲಗೆ_ಹುಲಿ
ನಮ್ಮ ಹಲಗೆಯನ್ನು ಜೆಟ್ ವಿಮಾನಕ್ಕೆ ಕಟ್ಟಿದಿರಲ್ಲ, ಸಂತೋಷ. ಆದರೆ ಆ ಲೆಕ್ಕದಲ್ಲಿಯೂ ನಾಯಕ ಹಲಗೆಯವನೇ ಆಗಬೇಕು.

ಭೀಮಾತೀರ
ಕೋಟೆಯವರೇ, ನಾಯಕನನ್ನು ಮಾಡಿ ನೋಡಿದ್ದೇವೆ. ಸುತ್ತಿನಲ್ಲಿ ಅರ್ಧ ಜನಕ್ಕೆ ಅವನ ಬೆನ್ನು ಕಾಣುತ್ತದೆ, ಇನ್ನರ್ಧ ಜನಕ್ಕೆ ಏನೂ ಕಾಣುವುದಿಲ್ಲ. ಜೋಡಿಯ ಕೋಲು ನೋಡುವುದನ್ನು ಬಿಟ್ಟು ನಾಯಕನನ್ನು ನೋಡಿದರೆ ಬೆರಳಿಗೆ ಪೆಟ್ಟು. ನನ್ನ ಹೆಬ್ಬೆರಳಿನ ಉಗುರು ಇನ್ನೂ ಕಪ್ಪಾಗಿದೆ.

ಸೇಡಂ_ಮಾಸ್ತರ
ನಾಯಕ ಇದ್ದರೂ ನಾಯಕನೂ ಮನುಷ್ಯನೇ. ಅವನ ಕಿವಿಗೂ ಹದಿನೈದು ಕೋಲಿನ ಸಪ್ಪಳ ಬೀಳುತ್ತದೆ. ಬೇಡ ಎಂದರೂ ದೇಹ ಪಕ್ಕದವನ ಕಡೆಗೆ ಜಾರುತ್ತದೆ.

ಒಂದು ಸಣ್ಣ ಪ್ರಯೋಗ ಮಾಡಿ, ಈಗಲೇ. ಎರಡೂ ತೋರುಬೆರಳುಗಳನ್ನು ಮುಂದಕ್ಕೆ ಚಾಚಿ. ಎರಡೂ ಒಟ್ಟಿಗೆ ಬಲಕ್ಕೆ, ಒಟ್ಟಿಗೆ ಎಡಕ್ಕೆ ಆಡಿಸಿ. ನಿಧಾನವಾಗಿ ಶುರುಮಾಡಿ ವೇಗ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಬೆರಳುಗಳು ನಿಮ್ಮನ್ನು ಕೇಳದೆಯೇ ಲಯ ಬದಲಿಸಿ, ಎರಡೂ ಒಳಗೆ, ಎರಡೂ ಹೊರಗೆ ಎಂದು ಆಡತೊಡಗುತ್ತವೆ. ಅಮೆರಿಕದಲ್ಲಿ ಸ್ಕಾಟ್ ಕೆಲ್ಸೊ ಎಂಬ ವಿಜ್ಞಾನಿ ಇದನ್ನು 1980ರ ದಶಕದಲ್ಲಿ ಅಳೆದು ತೋರಿಸಿದರು. ಹರ್ಮನ್ ಹಾಕೆನ್ ಎಂಬ ಭೌತವಿಜ್ಞಾನಿ ಮತ್ತು ಇನ್ನೊಬ್ಬರ ಜೊತೆ 1985ರಲ್ಲಿ ಅದಕ್ಕೆ ಸಮೀಕರಣ ಬರೆದರು. ಸ್ವಾರಸ್ಯ ಇರುವುದು ಮುಂದೆ. 1990ರಲ್ಲಿ ಬೇರೊಂದು ತಂಡ ಇಬ್ಬರನ್ನು ಕೂರಿಸಿ, ಒಬ್ಬರ ಕಾಲನ್ನು ಇನ್ನೊಬ್ಬರು ನೋಡುತ್ತಾ ತಮ್ಮ ಕಾಲನ್ನು ಆಡಿಸುವಂತೆ ಹೇಳಿತು. ಒಬ್ಬನ ಕಾಲು ಮುಂದೆ ಹೋದಾಗ ಇನ್ನೊಬ್ಬನದು ಹಿಂದೆ. ವೇಗ ಏರಿದಾಗ ಅಲ್ಲಿಯೂ ಅದೇ ಜಾರುವಿಕೆ, ಇಬ್ಬರ ಕಾಲೂ ಒಂದೇ ಕಡೆಗೆ ಬಂದವು. ಒಂದೇ ದೇಹದ ಎರಡು ಬೆರಳನ್ನು ನರಗಳು ಜೋಡಿಸಿವೆ ಎನ್ನಬಹುದು. ಇಬ್ಬರ ಕಾಲನ್ನು ಜೋಡಿಸಿದ್ದು ಬರೀ ನೋಟ.

ಸುಮ್ಮನೆ_ಓದುವವ
ಕಚೇರಿಯಲ್ಲಿ ಬೆರಳು ಆಡಿಸಿದೆ. ನಿಜವಾಗಿಯೂ ತಿರುಗಿದವು. ಪಕ್ಕದ ಮೇಜಿನವರು ಆರೋಗ್ಯ ವಿಚಾರಿಸಿದರು.

ಅನುಮಾನಪ್ಪ
ನನ್ನದು ತಿರುಗಲಿಲ್ಲ.

ಸೇಡಂ_ಮಾಸ್ತರ
ಇನ್ನೂ ವೇಗವಾಗಿ.

ಅನುಮಾನಪ್ಪ
ಸರಿ, ತಿರುಗಿದವು. ಆದರೆ ಇದರಿಂದ ಕೋಲಾಟಕ್ಕೆ ಏನು ಪ್ರಯೋಜನ?

ನಿವೃತ್ತ_ಖಾಕಿ (ಯಾದಗಿರಿ)
ಪ್ರಯೋಜನ ನಾನು ಹೇಳುತ್ತೇನೆ. ಎಲ್ಲಿ ಹೆಜ್ಜೆ ಕೂಡಬೇಕು, ಎಲ್ಲಿ ಕೂಡಬಾರದು ಎಂಬುದು ಕವಾಯತಿನ ಮೊದಲ ಪಾಠ. ಮೈದಾನದಲ್ಲಿ ಹೆಜ್ಜೆ ತಪ್ಪಿದರೆ ಶಿಕ್ಷೆ, ಸೇತುವೆಯ ಮೇಲೆ ಹೆಜ್ಜೆ ಕೂಡಿದರೆ ಶಿಕ್ಷೆ. ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಬಳಿ 1831ರಲ್ಲಿ ಸೈನಿಕರು ತಾಳಬದ್ಧವಾಗಿ ನಡೆದಾಗ ತೂಗುಸೇತುವೆಯೇ ಕುಸಿಯಿತು. ಆ ಬಳಿಕ ಸೇತುವೆ ದಾಟುವಾಗ ಹೆಜ್ಜೆ ಮುರಿಯಬೇಕೆಂಬ ಆದೇಶ ಬಂತು. ಸ್ಟ್ರೆಚರ್ ಹೊರುವವರಿಗೂ ಇದೇ ಕಲಿಸುತ್ತಾರೆ. ಮುಂದಿನವನು ಎಡಗಾಲು ಎತ್ತಿದರೆ ಹಿಂದಿನವನು ಬಲಗಾಲು ಎತ್ತಬೇಕು. ಇಬ್ಬರೂ ಒಂದೇ ಕಾಲು ಎತ್ತಿದರೆ ಮಲಗಿದವನು ತೊಟ್ಟಿಲಲ್ಲಿ ತೂಗಿದಂತೆ ತೂಗುತ್ತಾನೆ. ಮುರಿದ ಕಾಲು ಇದ್ದವನಿಗೆ ಅದು ನರಕ.

ಕಷ್ಟ ಎಲ್ಲಿದೆ ಎಂದರೆ, ಬೇಕೆಂದೇ ಬೇರೆ ಹೆಜ್ಜೆ ಹಾಕಿದರೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಲು ಕೂಡಿಬಿಡುತ್ತವೆ. ಮಾಸ್ತರರ ಬೆರಳಿನ ಕಥೆಯೇ.

ಸೇಡಂ_ಮಾಸ್ತರ
ಖಾಕಿ ಸಾಹೇಬರಿಗೆ ನಮಸ್ಕಾರ. ಲಂಡನ್ನಿನ ಮಿಲೇನಿಯಂ ಸೇತುವೆಯನ್ನೂ ಸೇರಿಸಿಕೊಳ್ಳಿ. 2000ದ ಜೂನ್ 10ರಂದು ಪಾದಚಾರಿಗಳಿಗೆ ತೆರೆದರು, ಎರಡೇ ದಿನದಲ್ಲಿ ಮುಚ್ಚಿದರು. ಅಲ್ಲಿ ಕವಾಯತು ಇರಲಿಲ್ಲ, ನಾಯಕ ಇರಲಿಲ್ಲ, ಸುಮ್ಮನೆ ನೋಡಲು ಬಂದ ಜನ. ಸೇತುವೆ ಅಡ್ಡಡ್ಡ ವಾಲಿದಾಗ ಬೀಳದಿರಲು ಎಲ್ಲರೂ ಕಾಲನ್ನು ಅದರ ತೂಗಾಟಕ್ಕೆ ಹೊಂದಿಸಿದರು, ಅದರಿಂದ ಅದು ಇನ್ನಷ್ಟು ವಾಲಿತು. ಆಘಾತ ತಡೆಯುವ ಉಪಕರಣ ಹಾಕಿ 2002ರಲ್ಲಿ ಮತ್ತೆ ತೆರೆದರು.

ಬೀದರ_ಕೋಟೆ
ತೇರು ಎಳೆಯುವುದಕ್ಕೆ ಇದು ಹೇಗೆ ಅನ್ವಯಿಸುತ್ತದೆ? ಕಲಬುರಗಿಯಲ್ಲಿ ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆಯಲ್ಲಿ ಹಗ್ಗಕ್ಕೆ ನೂರಾರು ಕೈ ಇರುತ್ತವೆ. ಎಲ್ಲರೂ ಒಟ್ಟಿಗೆ ಎಳೆದರೆ ತಾನೇ ತೇರು ಕದಲುವುದು?

ಅನುಮಾನಪ್ಪ
ಅರ್ಧ ಜನ ಹಗ್ಗ ಮುಟ್ಟಿ ಪುಣ್ಯ ಪಡೆಯುತ್ತಾರೆ, ಎಳೆಯುವವರು ಮುಂದಿನ ಕೆಲವರು.

ಸೇಡಂ_ಮಾಸ್ತರ
ಮೊದಲ ಬಾರಿಗೆ ಅನುಮಾನಪ್ಪನವರ ಪರ ವಿಜ್ಞಾನ ನಿಂತಿದೆ! ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ ಹಗ್ಗ ಎಳೆಸಿ ಅಳೆದಿದ್ದರು, 1913ರಲ್ಲಿ ಪ್ರಕಟವಾಯಿತು. ಎಂಟು ಜನ ಸೇರಿದಾಗ ಒಬ್ಬೊಬ್ಬರು ಹಾಕಿದ್ದು ಒಂಟಿಯಾಗಿ ಎಳೆದ ಬಲದ ಸುಮಾರು ಅರ್ಧ. ಎಳೆತಗಳು ಒಂದೇ ಕ್ಷಣಕ್ಕೆ ಕೂಡುವುದಿಲ್ಲ ಎಂಬುದು ಅವರು ಕೊಟ್ಟ ಮುಖ್ಯ ಕಾರಣ. 1974ರಲ್ಲಿ ಇನ್ನೊಂದು ತಂಡ ಜನರ ಕಣ್ಣು ಕಟ್ಟಿ, ಹಿಂದೆ ಬೇರೆಯವರೂ ಎಳೆಯುತ್ತಿದ್ದಾರೆ ಎಂದು ನಂಬಿಸಿತು. ನಿಜವಾಗಿ ಎಳೆಯುತ್ತಿದ್ದವನು ಒಬ್ಬನೇ. ಆಗಲೂ ಬಲ ಕಡಿಮೆಯಾಯಿತು. ಅಂದರೆ ತಾಳ ತಪ್ಪುವುದೂ ಇದೆ, ಮೈಗಳ್ಳತನವೂ ಇದೆ.

ಫರ್ಸಿಗಾಡಿ
ನಮ್ಮಲ್ಲಿ ಇಬ್ಬರೇ ಇರುವುದರಿಂದ ಮೈಗಳ್ಳತನಕ್ಕೆ ಜಾಗವಿಲ್ಲ. ನಾಲ್ಕು ಜನ ಆದ ಕೂಡಲೇ ಒಬ್ಬ ಬೀಡಿ ನೆನಸಿಕೊಳ್ಳುತ್ತಾನೆ. ಆಗ "ಜೋರ್ ಲಗಾಕೇ ಹೈಸಾ" ಎಂದು ಕೂಗಲೇಬೇಕು. "ಜೋರ್ ಲಗಾಕೇ" ಅನ್ನುವಾಗ ಯಾರೂ ಎತ್ತುವುದಿಲ್ಲ, ಉಸಿರು ಎಳೆದುಕೊಳ್ಳುವ ಹೊತ್ತು ಅದು. ಬಲ ಬೀಳುವುದು "ಹೈಸಾ"ಕ್ಕೆ.

ಅಂಗನವಾಡಿ_ಅಕ್ಕ
ಮೊಹರಂ ಬಗ್ಗೆ ಯಾರೂ ಹೇಳಲಿಲ್ಲ. ಅಲಾಯಿ ಕುಣಿಯ (ಬೆಂಕಿ ಹಾಕುವ ತಗ್ಗಿನ) ಸುತ್ತ ಹೆಜ್ಜೆ ಹಾಕುವಾಗ ನಮ್ಮೂರಲ್ಲಿ ಯಾರು ಯಾವ ಧರ್ಮ ಎಂದು ಗುರುತಿಸಲು ಆಗುವುದಿಲ್ಲ. ಹೆಜ್ಜೆ ಕೂಡಿದರೆ ಮನಸ್ಸೂ ಕೂಡುತ್ತದೆಯೇ ಮಾಸ್ತರರೇ?

ಸೇಡಂ_ಮಾಸ್ತರ
ಸ್ವಲ್ಪ ಮಟ್ಟಿಗೆ ಹೌದು ಎನ್ನುವ ಪ್ರಯೋಗಗಳಿವೆ. 2009ರಲ್ಲಿ ಪ್ರಕಟವಾದ ಒಂದರಲ್ಲಿ ವಿದ್ಯಾರ್ಥಿಗಳನ್ನು ಗುಂಪಾಗಿ ನಡೆಸಿದರು, ಕೆಲವು ಗುಂಪು ಹೆಜ್ಜೆ ಕೂಡಿಸಿಕೊಂಡು, ಕೆಲವು ಮಾಮೂಲಿಯಾಗಿ. ಆಮೇಲೆ ಆಡಿಸಿದ ಆಟದಲ್ಲಿ ಹೆಜ್ಜೆ ಕೂಡಿಸಿದವರು ಒಬ್ಬರನ್ನೊಬ್ಬರು ಹೆಚ್ಚು ನಂಬಿ ಸಹಕರಿಸಿದರು. ಕೆಂಡ ಹಾಯುವುದರ ಬಗ್ಗೆಯೂ ಒಂದಿದೆ. ಸ್ಪೇನಿನ ಸ್ಯಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯಲ್ಲಿ ಕೆಂಡ ಹಾಯುವವರ ಮತ್ತು ನೋಡುವವರ ಎದೆಬಡಿತ ಅಳೆದರು, 2011ರಲ್ಲಿ ಪ್ರಕಟವಾಯಿತು. ಹಾಯುವವನ ಎದೆಬಡಿತದ ಏರಿಳಿತಕ್ಕೆ ನೋಡುತ್ತಿದ್ದ ಬಂಧುಮಿತ್ರರ ಎದೆಬಡಿತ ಹೊಂದಿತ್ತು. ಸಂಬಂಧವಿಲ್ಲದ ಪ್ರೇಕ್ಷಕರದು ಹೊಂದಲಿಲ್ಲ. ಆ ಬಂಧುಮಿತ್ರರೂ ಕೈಕಾಲು ಆಡಿಸದೆ ಸುಮ್ಮನೆ ನೋಡುತ್ತಿದ್ದರು ಎಂಬುದನ್ನು ಗಮನಿಸಿ.

ಅನುಮಾನಪ್ಪ
ಹೆಜ್ಜೆ ಕೂಡಿದರೆ ಮನಸ್ಸು ಕೂಡುವುದಾದರೆ ನಮ್ಮ ಓಣಿಯ ಲೇಜಿಮ್ ಮೇಳ ಒಡೆದು ಎರಡಾಗಿದ್ದು ಏಕೆ? ಹೆಜ್ಜೆ ಚೆನ್ನಾಗಿಯೇ ಕೂಡುತ್ತಿತ್ತು. ಒಡೆದಿದ್ದು ಬಹುಮಾನದ ದುಡ್ಡಿನ ಲೆಕ್ಕಕ್ಕೆ.

ನಿವೃತ್ತ_ಖಾಕಿ
ಇದಕ್ಕೆ ಯಾವ ಪ್ರಯೋಗಾಲಯವೂ ಬೇಕಿಲ್ಲ.

ಭೀಮಾತೀರ
ಎಲ್ಲರಿಗೂ ಶರಣು. ಲಂಡನ್, ಸ್ಪೇನ್ ಸುತ್ತಿ ಬಂದೆವು. ನನ್ನ ಓಟ ನಿಲ್ಲಿಸುವುದು ಹೇಗೆ?

ಸೇಡಂ_ಮಾಸ್ತರ
ನಿಮ್ಮ ಸುತ್ತು ಎಷ್ಟು ಅಗಲ?

ಭೀಮಾತೀರ
ಅಡ್ಡ ಅಳೆದರೆ ಹನ್ನೆರಡು ಅಡಿ ಇರಬಹುದು. ಗುಡಿಯ ಮುಂದಿನ ಕಟ್ಟೆ ಚಿಕ್ಕದು.

ಸೇಡಂ_ಮಾಸ್ತರ
ಹದಿನಾರು ಜನಕ್ಕೆ ಇಕ್ಕಟ್ಟಾಯಿತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ನಿಮ್ಮ ಸುತ್ತನ್ನು ದಾಟಲು ಸುಮಾರು 10 ಮಿಲಿಸೆಕೆಂಡ್ ಸಾಕು. ಬೇರೆ ಬೇರೆ ಕೋಣೆಯಲ್ಲಿ ಕೂತ ಇಬ್ಬರಿಂದ ಚಪ್ಪಾಳೆ ತಟ್ಟಿಸಿ, ನಡುವೆ ಶಬ್ದವನ್ನು ಬೇಕೆಂದೇ ತಡಮಾಡಿ ನೋಡಿದ್ದಾರೆ. ತಡ ಹೆಚ್ಚಾದರೆ ತಾಳ ಎಳೆಯುತ್ತದೆ, ತೀರಾ ಕಡಿಮೆಯಾದರೆ ಓಡುತ್ತದೆ. ಇವೆರಡರ ನಡುವಿನ ಗಡಿಯೂ ಸುಮಾರು 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿಯೇ ಇದೆ. ನಿಮ್ಮಲ್ಲಿ ಪಕ್ಕದವರ ಸಪ್ಪಳ ಅದಕ್ಕಿಂತ ಬೇಗ ಮುಟ್ಟುತ್ತದೆ. ಅದಕ್ಕೇ ಕಟ್ಟೆ ಇಳಿದು ಬಯಲಿಗೆ ಬನ್ನಿ, ಸುತ್ತು ದೊಡ್ಡದು ಮಾಡಿ.

ಜಡೆಕೋಲು
ಮಾಸ್ತರರೇ, ಸುತ್ತು ದೊಡ್ಡದಾದರೆ ಹೆಜ್ಜೆಯೂ ದೊಡ್ಡದು ಹಾಕಬೇಕು, ಅದಕ್ಕೇ ನಿಧಾನವಾಗುತ್ತದೆ. ಮಿಲಿಸೆಕೆಂಡ್ ಎಂಬುದೆಲ್ಲ ಆಮೇಲೆ. ಮುಗ್ಗರಿಸಿ ಬೀಳುವ ವಯಸ್ಸಿನವರಿದ್ದರೆ ಬಯಲಿನ ಕಲ್ಲುಮುಳ್ಳು ಬೇಡ.

ಭೀಮಾತೀರ ತಮ್ಮಾ, ನಾನು ಮಾಡುವುದು ಇಷ್ಟು. ಪ್ರತಿ ನುಡಿಯ ಕೊನೆಯ ಅಕ್ಷರವನ್ನು ಎಳೆದು ಹಾಡಿಸುತ್ತೇನೆ. ಆ ಎಳೆತದಲ್ಲಿ ಕೋಲು ತಟ್ಟಬಾರದು, ಕೋಲನ್ನು ತಲೆಯ ಮೇಲೆ ಅಡ್ಡ ಹಿಡಿದು ನಿಲ್ಲಬೇಕು. ಅಲ್ಲಿಯವರೆಗೆ ಏರಿದ ವೇಗ ಅಲ್ಲಿ ಸೋರಿಹೋಗುತ್ತದೆ. ಮುಂದಿನ ನುಡಿಯನ್ನು ಎಲ್ಲರಿಗಿಂತ ವಯಸ್ಸಾದವರು ಎತ್ತಬೇಕು, ಅವರ ಉಸಿರಿನ ವೇಗಕ್ಕೆ. ಎಳೆಯರಿಗೆ ಎತ್ತಲು ಕೊಟ್ಟಿರೋ, ಕೆಟ್ಟಿರಿ.

ಫರ್ಸಿಗಾಡಿ
ಇದೇ ನಮ್ಮ "ಜೋರ್ ಲಗಾಕೇ".

ಅನುಮಾನಪ್ಪ
ಓಡದ ಕೋಲಾಟವನ್ನು ಯಾರು ನೋಡುತ್ತಾರೆ? ಕೊನೆಗೆ ಓಟ ಇದ್ದರೇ ಜನ ಸೀಟಿ ಹೊಡೆಯುವುದು.

ಭೀಮಾತೀರ
ಕೊನೆಯ ನುಡಿ ಓಡಲಿ ಅಣ್ಣಾ, ಬೇಡ ಎನ್ನಲಿಲ್ಲ. ಮೂರನೆಯ ನುಡಿಗೇ ಓಡಿ ಐದನೆಯದಕ್ಕೆ ಕೂತುಬಿಟ್ಟರೆ ಸೀಟಿ ಅಲ್ಲ, ನೀರಿನ ಬಾಟಲಿ ಬರುತ್ತದೆ. ಅಕ್ಕ ಹೇಳಿದ ನಿಲುಗಡೆಯನ್ನು ಇವತ್ತಿನಿಂದ ಹಿಡಿಯುತ್ತೇವೆ. ಹಲಗೆಯವನನ್ನು ಸುತ್ತಿನ ನಡುವೆ ನಿಲ್ಲಿಸೋಣವೇ? ಎಲ್ಲರಿಗೂ ಒಂದೇ ದೂರ ಆಗುತ್ತದೆ.

ಹಲಗೆ_ಹುಲಿ
ನಡುವೆ ನಿಲ್ಲಿಸುವುದು ಸರಿ. ಹಲಗೆ ಕಾಯಿಸುವ ಬೆಂಕಿಯನ್ನು ಎಲ್ಲಿ ಹಾಕುತ್ತೀರಿ? ಎರಡು ಪದಕ್ಕೊಮ್ಮೆ ಚರ್ಮ ಸಡಿಲಾಗುತ್ತದೆ, ಅವನು ಕೋಲುಗಳ ನಡುವೆ ನುಸುಳಿ ಹೊರಗೆ ಹೋಗಿ ಬರಬೇಕೇ?

ಸುಮ್ಮನೆ_ಓದುವವ
ಫೈಬರ್ ಹಲಗೆ ತರಲಿ.

ಹಲಗೆ_ಹುಲಿ
ಫೈಬರ್ ಹಲಗೆಯ ಮಾತಿಗೆ ಬೇರೆ ಚರ್ಚೆ ತೆರೆಯಿರಿ. ಅಲ್ಲಿ ಬಂದು ಸಾವಕಾಶವಾಗಿ ಬೈಯುತ್ತೇನೆ.